ತಾತನ ಮಾತ್ರೆ ಡಬ್ಬಿ

ಮಕ್ಕಳೇ, ಮಳೆ ಬಂದು ಹೋದರೆ ನಮ್ಮ ಮೈಸೂರಿನ ಖಾಲಿ ಸೈಟುಗಳಲ್ಲೆಲ್ಲ ಕಾಂಗ್ರೆಸ್ ಗಿಡ ಹೂ ಬಿಡುತ್ತದೆ. ಅದರ ಪರಾಗ ಮೂಗಿಗೆ ಹೋದರೆ ಕೆಲವರಿಗೆ ಸೀನೋ ಸೀನು. ಕೂಡಲೇ ಮೆಡಿಕಲ್ ಸ್ಟೋರಿಗೆ ಓಟ! ನನ್ನಂತೆ ಸಿಒಪಿಡಿ ಇರುವ ತಾತಂದಿರಿಗೆ ಅದು ಅಷ್ಟು ಸಲೀಸಲ್ಲ.

ನಾನು ದಿನಾ ಎಳೆಯುವ ಟಿಯೋಟ್ರೋಪಿಯಂ ಇನ್‌ಹೇಲರ್ ಬಾಯಿ ಒಣಗಿಸುತ್ತದೆ. ಕ್ಲೋರ್‌ಫೆನಿರಮೈನ್‌ನಂಥ ಹಳೇ ಅಲರ್ಜಿ ಮಾತ್ರೆಯದೂ ಅದೇ ಗುಣ, ಜೊತೆಗೆ ಮಂಪರು. ಎರಡೂ ಸೇರಿದರೆ ಒಂದೇ ಚೆಕ್ಕನ್ನು ಎರಡು ಸಲ ಪಾಸು ಮಾಡಿದ ಹಾಗೆ. ಮಲಬದ್ಧತೆ ಬರಬಹುದು, ಪ್ರಾಸ್ಟೇಟ್ ದೊಡ್ಡದಾದವರಿಗೆ ಮೂತ್ರವೇ ಕಟ್ಟಬಹುದು. ನೆಗಡಿ ಮಾತ್ರೆಯಲ್ಲಿ ಫಿನೈಲೆಫ್ರಿನ್ ಇದ್ದರೆ ಬಿ.ಪಿ. ಏರಬಹುದು. ಫೆಕ್ಸೊಫೆನಾಡಿನ್‌ನಲ್ಲಿ ಈ ಕಾಟ ಕಡಿಮೆ. ಯಾರಿಗೆ ಯಾವುದು ಎಂಬುದನ್ನು ಮಾತ್ರ ಡಾಕ್ಟರೇ ಹೇಳಬೇಕು.

ನಿಮಗೊಂದು ಕೆಲಸ: ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು, ಇನ್‌ಹೇಲರ್ ಹೆಸರು ಎಲ್ಲವನ್ನೂ ಚೀಟಿಯಲ್ಲಿ ಬರೆದು ಅಜ್ಜ-ಅಜ್ಜಿಯ ಜೇಬಿಗೆ, ಪರ್ಸಿಗೆ ಹಾಕಿಡಿ. ನಮ್ಮ ಕನ್ನಡಕಕ್ಕೆ ಆ ಅಕ್ಷರ ಕಾಣುವುದಿಲ್ಲ.