ಅಕ್ಕನ ಮನೆ, ದೊಡ್ಡಪ್ಪನ ಲೆಕ್ಕ, ತಮ್ಮನ ಸೈಕಲ್ಲು

(1/6)
ಹೋದ ಭಾನುವಾರ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ದೊಡ್ಡ ಯುದ್ಧ. ಕಾರಣ ಒಂದು ಮನೆ.

ನನ್ನ ದೊಡ್ಡಪ್ಪನ ಮಗಳು ಆರು ವರ್ಷದಿಂದ ನೆದರ್‌ಲ್ಯಾಂಡ್ಸಲ್ಲಿದ್ದಾಳೆ. ನಮಗೆಲ್ಲ ಅವಳು ಬರೀ "ಅಕ್ಕ". ಅವಳೂ ಭಾವನೂ ಸೇರಿ ಯೂಟ್ರೆಕ್ಟ್ ಪಕ್ಕದ ಹೌಟನ್ ಅನ್ನೋ ಊರಲ್ಲಿ ಒಂದು ಮನೆ ನೋಡಿದಾರೆ. ಗ್ರೂಪಿಗೆ ಫೋಟೋ ಹಾಕಿದ್ಲು. ಕೆಂಪು ಇಟ್ಟಿಗೆ, ಅಕ್ಕಪಕ್ಕದ ಮನೆ ಜೊತೆ ಗೋಡೆ ಹಂಚಿಕೊಂಡ ಸಾಲುಮನೆ. ಕೆಳಗೆ ಹಾಲು, ಅಡುಗೆಮನೆ. ಮೇಲೆ ಮೂರು ರೂಮು. ಹಿಂದೆ ಒಂದು ಪುಟ್ಟ ಹಿತ್ತಲು, ಅದರ ತುದೀಲಿ ಸೈಕಲ್ ಇಡೋಕೆ ಮರದ ಶೆಡ್ಡು. ಬೆಲೆ 4,40,000 ಯೂರೋ. ಒಂದು ಯೂರೋಗೆ ನೂರು ರೂಪಾಯಿ ಅಂತ ರೌಂಡ್ ಆಫ್ ಮಾಡಿ, ಹತ್ತಿರಹತ್ತಿರ ನಾಲ್ಕೂವರೆ ಕೋಟಿ.

ದೊಡ್ಡಪ್ಪನ ರಿಪ್ಲೈ: "ನಾಲ್ಕೂವರೆ ಕೋಟಿ ಕೊಟ್ಟು ವಠಾರ ತಗೋತೀಯೇನೇ? ಕಾಂಪೌಂಡೂ ಇಲ್ಲ."

ಆಮೇಲೆ ನನಗೆ ಬೇರೆ ಫೋನ್ ಮಾಡಿದ್ರು. "ನೀನು ಬಿಕಾಂ ಓದ್ತಿದೀಯಲ್ಲ, ಕೂತು ಲೆಕ್ಕ ಹಾಕು. ಇದು ಲಾಸು ಅಂತ ಅವಳಿಗೆ ಬಿಡಿಸಿ ಹೇಳು."

ಲೆಕ್ಕ ಹಾಕಿದೆ ಫ್ರೆಂಡ್ಸ್. ಒಂದು ವಾರ ಹಾಕಿದೆ. ಉತ್ತರ ದೊಡ್ಡಪ್ಪ ಬಯಸಿದ್ದು ಬರಲಿಲ್ಲ. ಯಾಕೆ ಅಂತ ಹೇಳ್ತೀನಿ. ಪ್ರತಿ ಸಲದ ಹಾಗೆ, ಪೂರ್ತಿ ಓದಿದೋರಿಗೆ ಮಾತ್ರ ಕಾಮೆಂಟಲ್ಲಿ ಜಗಳ ಆಡೋ ಹಕ್ಕು.

(2/6)
ಮೊದಲು ದುಡ್ಡಿನ ಮಾತು.

ನಮ್ಮಲ್ಲಿ 75 ಲಕ್ಷ ದಾಟಿದ ಹೋಂ ಲೋನಿಗೆ ಬ್ಯಾಂಕು ಮನೆ ಬೆಲೆಯ ಶೇ. 75ರಷ್ಟು ಮಾತ್ರ ಸಾಲ ಕೊಡಬಹುದು, ಅದು ಆರ್‌ಬಿಐ ರೂಲು. ಉಳಿದದ್ದು ಕೈಯಿಂದ. ಅಂದ್ರೆ ಅಪ್ಪನ ಪಿಎಫ್ ಅಥವಾ ಅಮ್ಮನ ಒಡವೆ. ಅಲ್ಲಿ ಸಂಬಳ ಸಾಕಷ್ಟಿದ್ರೆ ಮನೆಯ ಬೆಲೆಯ ಶೇ. 100ರವರೆಗೂ ಸಾಲ ಸಿಗುತ್ತೆ. ನೋಟರಿ ಫೀಸು, ಬೆಲೆ ಕಟ್ಟಿಸೋ ಖರ್ಚು, ಸಾಲದ ಸಲಹೆಗಾರರ ಫೀಸು ಇವನ್ನೆಲ್ಲ ಮಾತ್ರ ಉಳಿತಾಯದಿಂದ ಕೊಡಬೇಕು.

ನಮ್ಮ ರಾಜ್ಯದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು, ಮತ್ತೆ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ಅಲ್ಲಿ ತಾವೇ ವಾಸ ಮಾಡೋ ಮನೆಗೆ ವರ್ಗಾವಣೆ ತೆರಿಗೆ ಶೇ. 2. ಮೊದಲ ಸಲ ಕೊಳ್ಳೋರು 35ಕ್ಕಿಂತ ಚಿಕ್ಕವರಾಗಿದ್ದು, ಮನೆ ಒಂದು ಮಿತಿಯೊಳಗಿದ್ರೆ ಅದೂ ಇಲ್ಲ. 2025ರಲ್ಲಿ ಆ ಮಿತಿ 5,25,000 ಯೂರೋ. ಅಕ್ಕನಿಗೆ 31, ಭಾವನಿಗೆ 34. ತೆರಿಗೆ ಸೊನ್ನೆ. ಮುಂದಿನ ವರ್ಷ ನೋಡೋಣ ಅಂತ ಕೂತ್ರೆ ಭಾವನ ವಯಸ್ಸು ದಾಟಿ ಹೋಗುತ್ತೆ. ಅಕ್ಕನ ಅವಸರಕ್ಕೆ ಅರ್ಧ ಕಾರಣ ಇದೇ.

ಈಗ ಕಂತು. ಬಡ್ಡಿ ಶೇ. 4, ಅವಧಿ 30 ವರ್ಷ ಅಂತ ಇಟ್ಕೊಳ್ಳಿ. ತಿಂಗಳಿಗೆ ಸುಮಾರು 2,100 ಯೂರೋ. ಮೊದಲ ತಿಂಗಳ ಕಂತಲ್ಲಿ 1,467 ಬಡ್ಡಿಗೇ ಹೋಗುತ್ತೆ, ಅಸಲಿಗೆ ಸೇರೋದು ಬರೀ 634. ಮೂವತ್ತು ವರ್ಷದ ಒಟ್ಟು ಬಡ್ಡಿ ಸುಮಾರು 3,16,000 ಯೂರೋ. ಇದನ್ನ ನೋಡಿ ನನಗೂ ಒಂದ್ಸಲ ಎದೆ ಝಲ್ ಅಂತು.

ಆದ್ರೆ ಅಕ್ಕ ಈಗ ಕಟ್ತಿರೋ ಬಾಡಿಗೇನೇ 1,850 ಯೂರೋ. ಅದ್ರಲ್ಲಿ ಅವಳ ಹೆಸರಿಗೆ ಸೇರೋದು ಸೊನ್ನೆ. ಇನ್ನೊಂದು ವಿಷಯ, ಕಟ್ಟಿದ ಬಡ್ಡಿಗೆ ಅಲ್ಲಿ ಆದಾಯ ತೆರಿಗೆಯಲ್ಲಿ ಕಡಿತ ಉಂಟು. 2013ರಿಂದೀಚೆಗಿನ ಸಾಲಗಳಿಗೆ ಒಂದು ಷರತ್ತು ಇದೆ: 30 ವರ್ಷದೊಳಗೆ ಅಸಲನ್ನೂ ಪೂರ್ತಿ ತೀರಿಸುವ ಹಾಗೆ ಸಾಲ ಇರಬೇಕು. ಎಲ್ಲ ಕೂಡಿ ಕಳೆದು ನೋಡಿದ್ರೆ ಲಾಸು ಅಂತ ಹೇಳೋಕೆ ನನ್ನ ಕೈಲಾಗಲಿಲ್ಲ.

(3/6)
ಲೆಕ್ಕ ಹಾಕ್ತಾ ಹಾಕ್ತಾ ನನಗೆ ಹೊಟ್ಟೆ ಉರಿದಿದ್ದು ಬೇರೆ ವಿಷಯಕ್ಕೆ.

ಅಲ್ಲಿ ಪ್ರತಿ ಮನೆಗೂ ನಗರಸಭೆ ವರ್ಷಕ್ಕೊಮ್ಮೆ ಬೆಲೆ ಕಟ್ಟುತ್ತೆ. ಆ ಬೆಲೆಯನ್ನ ಯಾರು ಬೇಕಾದ್ರೂ ಆನ್‌ಲೈನಲ್ಲಿ ವಿಳಾಸ ಹಾಕಿ ಪುಕ್ಕಟೆ ನೋಡಬಹುದು. ಪಕ್ಕದ ಮನೆ ಹಿಂದೆ ಎಷ್ಟಕ್ಕೆ ಮಾರಾಟ ಆಯ್ತು ಅನ್ನೋದು ಭೂ ದಾಖಲೆ ಇಲಾಖೆಯಲ್ಲಿ ಸಣ್ಣ ಫೀಸು ಕಟ್ಟಿದ್ರೆ ಸಿಗುತ್ತೆ. ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಕೊಳ್ಳೋರಿಗೆ ಮೂರು ದಿನದ ಅವಕಾಶ ಇದೆ. ಕಾರಣ ಹೇಳದೆ, ದಂಡ ಕಟ್ಟದೆ "ಬೇಡ" ಅನ್ನಬಹುದು. ಇದು ಕಾನೂನು.

ನಮ್ಮಲ್ಲಿ? ಗೈಡೆನ್ಸ್ ವ್ಯಾಲ್ಯೂ ಒಂದು, ನಿಜವಾದ ರೇಟು ಇನ್ನೊಂದು. ನಡುವೆ ಇರೋದು ಬಿಗ್‌ಬಜಾರ್ ಕವರಲ್ಲಿ ಹೋಗುತ್ತೆ. ನಿಮ್ಮ ಮನೇಲೂ ಇದು ಎಲ್ಲರಿಗೂ ಗೊತ್ತು, ಯಾರೂ ಜೋರಾಗಿ ಹೇಳಲ್ಲ. ಕ್ಲಾಸಲ್ಲಿ ನಾವು "ಫೇರ್ ವ್ಯಾಲ್ಯೂ" ಡೆಫಿನಿಷನ್ ಬರೆದು ಐದು ಮಾರ್ಕ್ಸ್ ತಗೋತೀವಿ, ಮನೆಗೆ ಬಂದು ಅಪ್ಪ ಕವರ್ ಎಣಿಸೋದು ನೋಡ್ತೀವಿ.

ಹಾಗಂತ ಅಲ್ಲಿ ಎಲ್ಲ ಸಲೀಸು ಅಂದ್ಕೋಬೇಡಿ. ಒಂದು ಮನೆಗೆ ಹತ್ತಾರು ಜನ ಬಿಡ್ ಹಾಕ್ತಾರೆ, ಕೇಳಿದ ಬೆಲೆಗಿಂತ ಜಾಸ್ತಿ ಕೊಡೋದು ಮಾಮೂಲು. ಇದಕ್ಕೂ ಮೊದಲು ಅಕ್ಕ ನಾಲ್ಕು ಮನೆ ಕಳ್ಕೊಂಡಿದ್ದಾಳೆ.

(4/6)
ಇಷ್ಟೆಲ್ಲ ಹೇಳಿದ ಮೇಲೆ ದೊಡ್ಡಪ್ಪ ಒಂದು ನಿಮಿಷ ಸುಮ್ಮನಿದ್ರು. ಆಮೇಲೆ ಕೇಳಿದ್ರು: "ಲೆಕ್ಕ ಇರ್ಲಿ ಮಗಾ. ಅಷ್ಟು ದುಡ್ಡಿಗೆ ಅಲ್ಲಿ ಏನಿದೆ?"

ಒಳ್ಳೆ ಪ್ರಶ್ನೆ. ಮನೆ ನೋಡಿದ್ರೆ ಏನೂ ಇಲ್ಲ. ನಮ್ಮೂರ ಡೂಪ್ಲೆಕ್ಸ್ ಮುಂದೆ ಅದು ಬೆಂಕಿಪೊಟ್ಟಣ. ಅದಕ್ಕೇ ಅಕ್ಕನಿಗೆ ಹೇಳಿ ರೋಡಿನ ವಿಡಿಯೋ ತರಿಸ್ಕೊಂಡೆ. ಸ್ವೈಪ್ ಮಾಡಿ ನೋಡಿ.

ಹೌಟನ್ 1960ರ ದಶಕದವರೆಗೂ ಒಂದು ಹಳ್ಳಿ. ಯೂಟ್ರೆಕ್ಟಿನ ಜನ ಹೆಚ್ಚಾದಾಗ ಅವರಿಗಾಗಿ ಬೆಳೆಸಬೇಕಾದ ಊರು ಅಂತ ಸರ್ಕಾರ ಇದನ್ನ ಆರಿಸ್ತು. ರಾಬ್ ಡರ್ಕ್ಸ್ ಅನ್ನೋ ವಿನ್ಯಾಸಕಾರ ಹಾಕಿದ ಪ್ಲಾನು ತುಂಬ ಸರಳ. ಊರ ಸುತ್ತ ಒಂದು ರಿಂಗ್ ರೋಡು. ಒಳಗೆ ಬೇರೆ ಬೇರೆ ಬಡಾವಣೆಗಳು. ಒಂದು ಬಡಾವಣೆಯಿಂದ ಪಕ್ಕದ ಬಡಾವಣೆಗೆ ಕಾರಲ್ಲಿ ಹೋಗಬೇಕಂದ್ರೆ ರಿಂಗ್ ರೋಡಿಗೆ ಹೋಗಿ, ಸುತ್ತು ಹಾಕಿ, ಮತ್ತೆ ಒಳಗೆ ಬರಬೇಕು. ಸೈಕಲ್ಲಿಗೂ ನಡೆಯೋರಿಗೂ ಮಾತ್ರ ನಡುವೆ ನೇರ ದಾರಿ. ಶಾಲೆ, ಅಂಗಡಿ, ರೈಲ್ವೆ ಸ್ಟೇಷನ್ ಎಲ್ಲ ಆ ಸೈಕಲ್ ದಾರಿಗೆ ಹೊಂದಿಕೊಂಡೇ ಇವೆ. ಈಗ ಅಲ್ಲಿ ಸುಮಾರು ಐವತ್ತು ಸಾವಿರ ಜನ. ರೈಲಲ್ಲಿ ಯೂಟ್ರೆಕ್ಟ್ ಹತ್ತು ನಿಮಿಷದ ದಾರಿ.

ಹೀಗಾಗಿ ಮನೆ ಮುಂದಿನ ರಸ್ತೆಗೆ ಆ ರಸ್ತೆಯವರ ಕಾರು ಬಿಟ್ರೆ ಬೇರೆಯವರದ್ದು ಬರೋಕೆ ಕಾರಣಾನೇ ಇಲ್ಲ. ಕೆಲವು ರಸ್ತೆಗಳಲ್ಲಂತೂ ಬೋರ್ಡೇ ಹಾಕಿದಾರೆ: ಇಲ್ಲಿ ಕಾರು ಅತಿಥಿ.

ಅಕ್ಕನ ಮಗಳು ಪುಟ್ಟಿಗೆ ಆರು ವರ್ಷ. ವಿಡಿಯೋದಲ್ಲಿ ಅವಳು ಆ ರಸ್ತೆ ಮಧ್ಯದಲ್ಲಿ ಕೂತು ಚಾಕ್ ಹಿಡಿದು ಕುಂಟೆಬಿಲ್ಲೆ ಮನೆ ಬರೀತಿದ್ದಾಳೆ. ಒಂದು ಕಾರು ಬರುತ್ತೆ. ನಿಲ್ಲುತ್ತೆ. ಹಾರನ್ ಇಲ್ಲ. ಪುಟ್ಟಿ ಎದ್ದು, ಚಾಕ್ ಎತ್ತಿಕೊಂಡು, ನಿಧಾನಕ್ಕೆ ಪಕ್ಕಕ್ಕೆ ಹೋಗ್ತಾಳೆ. ಕಾರು ಹೋಗುತ್ತೆ. ಅವಳು ವಾಪಸ್ ಬಂದು ಕೂತ್ಕೋತಾಳೆ.

ನಲವತ್ತು ಸೆಕೆಂಡಿನ ಆ ವಿಡಿಯೋನ ನಾನು ಎಷ್ಟು ಸಲ ನೋಡಿದೀನೋ ಲೆಕ್ಕ ಇಲ್ಲ.

(5/6)
"ಅದು ಆ ದೇಶ, ಅವರ ರಕ್ತದಲ್ಲೇ ಶಿಸ್ತು ಇದೆ." ದೊಡ್ಡಪ್ಪ ಹೇಳಿದ್ದು, ನೀವೂ ಹೇಳ್ತೀರ. ಈ ಮಾತು ನಾನು ಒಪ್ಪಲ್ಲ.

1971ರಲ್ಲಿ ಅದೇ ನೆದರ್‌ಲ್ಯಾಂಡ್ಸಲ್ಲಿ ರಸ್ತೆ ಅಪಘಾತಕ್ಕೆ ಸತ್ತೋರು ಸುಮಾರು 3,300. ಅದರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಯುದ್ಧ ಮುಗಿದ ಮೇಲೆ ಜನರ ಕೈಗೆ ದುಡ್ಡು ಬಂತು, ಕಾರು ಬಂತು, ಕಾರಿಗೆ ದಾರಿ ಮಾಡೋಕೆ ಊರುಗಳನ್ನ ಒಡೆದ್ರು. ನಾವು ಈಗ ಮಾಡ್ತಿರೋದನ್ನೇ ಅವರು ಆಗ ಮಾಡಿದ್ರು. ಆಮೇಲೆ ಅಪಘಾತದಲ್ಲಿ ಮಗು ಕಳ್ಕೊಂಡ ಒಬ್ಬ ಪತ್ರಕರ್ತ "ಮಕ್ಕಳ ಕೊಲೆ ನಿಲ್ಲಿಸಿ" ಅನ್ನೋ ತಲೆಬರಹದಲ್ಲಿ ಬರೆದ್ರು. ಅದೇ ಹೆಸರಲ್ಲಿ ಚಳವಳಿ ಹುಟ್ಟಿತು. ಅಪ್ಪ ಅಮ್ಮಂದಿರು, ಮಕ್ಕಳು ರಸ್ತೇಲಿ ಕೂತ್ರು. 1973ರಲ್ಲಿ ತೈಲ ಬಿಕ್ಕಟ್ಟು ಬಂದು ಭಾನುವಾರ ಕಾರು ನಿಷೇಧ ಆದಾಗ, ಖಾಲಿ ರಸ್ತೆ ಹೇಗಿರುತ್ತೆ ಅಂತ ಇಡೀ ದೇಶ ಕಣ್ಣಾರೆ ನೋಡ್ತು. 1976ರಲ್ಲಿ "ವೋನರ್ಫ್" ಕಾನೂನಿಗೆ ಸೇರ್ತು. ಅಂದ್ರೆ ಮನೆ ಮುಂದಿನ ಬೀದಿ ಮಕ್ಕಳ ಅಂಗಳ, ಕಾರು ನಡಿಗೆಯ ವೇಗದಲ್ಲಿ ಹೋಗಬೇಕು.

ರಕ್ತದಲ್ಲಿ ಬಂದದ್ದಾಗಿದ್ರೆ ಬೀದಿಗಿಳಿದು ಕೇಳೋ ಅಗತ್ಯ ಇರ್ತಿರಲಿಲ್ಲ. ಕೇಳಿದ್ರು, ಪಡ್ಕೊಂಡ್ರು. ಅಕ್ಕ ಕೊಡ್ತಿರೋ ನಾಲ್ಕೂವರೆ ಕೋಟಿಯಲ್ಲಿ ಇಟ್ಟಿಗೆ ಸಿಮೆಂಟಿನ ಬೆಲೆ ಎಷ್ಟೋ, ಈ ಐವತ್ತು ವರ್ಷದ ಹಠದ ಬೆಲೆಯೂ ಸೇರಿದೆ.

ಈಗ ಕೊನೆಯ ಫೋಟೋ ನೋಡಿ. ಅದು ನನ್ನ ತಮ್ಮನ ಸೈಕಲ್ಲು. ಅವನಿಗೆ ಒಂಬತ್ತು ವರ್ಷ. ಹುಟ್ಟುಹಬ್ಬಕ್ಕೆ ಕೊಡಿಸಿದ್ದು. ಹೋದ ನವೆಂಬರಲ್ಲಿ ನಮ್ಮ ಕ್ರಾಸಲ್ಲಿ ಒಂದು ಟೆಂಪೋ ರಿವರ್ಸ್ ತಗೊಳ್ವಾಗ ಅವನಿಗೆ ತಾಗಿಸ್ತು. ಎಡಗೈ ಮುರೀತು, ಆರು ವಾರ ಪ್ಲಾಸ್ಟರು. ದೇವರು ದೊಡ್ಡೋನು, ಅಷ್ಟಕ್ಕೇ ಮುಗೀತು. ಆವತ್ತಿಂದ ಅಮ್ಮ ಗೇಟಿಗೆ ಬೀಗ ಹಾಕ್ತಾಳೆ. ಅವನು ಈಗ ಸೈಕಲ್ ಹೊಡೆಯೋದು ಟೆರೇಸಲ್ಲಿ. ನೀರಿನ ಟ್ಯಾಂಕಿನ ಸುತ್ತ, ಬಟ್ಟೆ ಹಗ್ಗದ ಕೆಳಗೆ ತಲೆ ಬಗ್ಗಿಸಿ, ರೌಂಡು ರೌಂಡು.

ನಮ್ಮ ಮನೇಲಿ ಕಾಂಪೌಂಡ್ ಇದೆ ದೊಡ್ಡಪ್ಪ. ಮಗು ಅದರೊಳಗೇ ಇದೆ.

(6/6)
ಅಕ್ಕ ಹೋಗ್ತಿರೋದು ಸ್ವರ್ಗಕ್ಕೂ ಅಲ್ಲ. ಸಂಜೆ ಎಂಟಕ್ಕೆ ಅಲ್ಲಿ ಬೀದಿ ಪೂರ್ತಿ ಮೌನ. ಡಿಸೆಂಬರಲ್ಲಿ ನಾಲ್ಕೂವರೆಗೇ ಕತ್ತಲು. ಸಕ್ಕರೆ ಖಾಲಿ ಆದ್ರೆ ಪಕ್ಕದ ಮನೆ ಆಂಟಿ ಹತ್ರ ಲೋಟ ಹಿಡಿದು ಹೋಗೋ ಅಭ್ಯಾಸ ಇಲ್ಲ. "ಬಾಣಂತನದಲ್ಲಿ ಈ ನಿಶ್ಶಬ್ದಕ್ಕೇ ಅತ್ತಿದೀನಿ" ಅಂತ ಅಕ್ಕ ಒಮ್ಮೆ ಹೇಳಿದ್ಲು. ಇನ್ನೊಂದು ವಿಷಯ: ಆ ದೇಶದಲ್ಲಿ ಸುಮಾರು ನಾಲ್ಕು ಲಕ್ಷ ಮನೆಗಳ ಕೊರತೆ ಇದೆ ಅಂತ ಅಲ್ಲಿನ ಸರ್ಕಾರದ ಅಂದಾಜು. ಅಪ್ಪ ಅಮ್ಮನ ಹತ್ರ ದುಡ್ಡಿಲ್ಲದ, ನಮ್ಮ ವಯಸ್ಸಿನ ಡಚ್ ಹುಡುಗ ಹುಡುಗಿಯರು 2021ರಲ್ಲಿ ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್ ಬೀದೀಲಿ ಸೂರು ಕೇಳಿ ಪ್ರತಿಭಟನೆ ಮಾಡಿದ್ರು. ಬಡ್ಡಿಗೆ ತೆರಿಗೆ ಕಡಿತ ಕೊಟ್ರೆ ಜನ ಜಾಸ್ತಿ ಸಾಲ ತಗೋತಾರೆ, ಮನೆ ಸಂಖ್ಯೆ ಹೆಚ್ಚದಿದ್ರೆ ಬೆಲೆ ಮಾತ್ರ ಏರುತ್ತೆ. ಫಸ್ಟ್ ಸೆಮ್ ಎಕನಾಮಿಕ್ಸ್. ಪ್ರಶಾಂತವಾದ ಬೀದಿ ಕೊಳ್ಳೋಕೆ ಶಕ್ತಿ ಇದ್ದೋರಿಗೆ ಮಾತ್ರ ಸಿಗೋ ಹಾಗಾದ್ರೆ ಅದು ಅಲ್ಲೂ ತಪ್ಪೇ.

ಆದರೂ ನನ್ನ ಅಭಿಪ್ರಾಯ ಇಷ್ಟೇ: ಅಕ್ಕ ತಗೋಬೇಕು. ನಾವು ಮನೆ ಕೊಳ್ಳುವಾಗ ವಾಸ್ತು ನೋಡ್ತೀವಿ, ಬೋರ್‌ವೆಲ್ ನೋಡ್ತೀವಿ, ಐದು ವರ್ಷದಲ್ಲಿ ಸೈಟು ಡಬಲ್ ಆಗುತ್ತಾ ಅಂತ ಕೇಳ್ತೀವಿ. ಆ ಮನೆಯಿಂದ ಎಂಟು ವರ್ಷದ ಮಗು ಒಬ್ಬೊಂಟಿಯಾಗಿ ಅಂಗಡಿಗೆ ಹೋಗಿ ಬರಬಹುದಾ ಅಂತ ಯಾರೂ ಕೇಳಲ್ಲ. ನಾಳೆ ನಾವೂ ಸಂಪಾದಿಸ್ತೀವಿ, ನಾವೂ ಲೋನ್ ತಗೋತೀವಿ. ಲೇಔಟ್ ತೋರಿಸೋಕೆ ಬರೋ ಬ್ರೋಕರ್‌ಗೆ ಈ ಒಂದು ಪ್ರಶ್ನೆ ಕೇಳಿ. ಹತ್ತು ಜನ ಕೇಳಿದ್ರೆ ಅವನು ನಗ್ತಾನೆ. ಸಾವಿರ ಜನ ಕೇಳಿದ್ರೆ ಬಿಲ್ಡರು ಪ್ಲಾನ್ ಬದಲಾಯಿಸ್ತಾನೆ. ಬರೀ ಕೊಳ್ಳೋವಾಗ ಅಲ್ಲ, ಈಗಲೇ ವಾರ್ಡ್ ಆಫೀಸಿಗೆ ಹೋಗಿ ಕ್ರಾಸಿಗೆ ಒಂದು ಹಂಪ್ ಕೇಳಬಹುದು. ನಾನೂ ಅಮ್ಮನೂ ಹೋದ ವಾರ ಅರ್ಜಿ ಕೊಟ್ಟಿದೀವಿ. ರಸೀದಿ ಇಸ್ಕೊಂಡಿದೀವಿ. ಏನಾಯ್ತು ಅಂತ ಇಲ್ಲೇ ಹೇಳ್ತೀನಿ.

ದೊಡ್ಡಪ್ಪನ ಭಯ ಏನು ಅಂತ ನನಗೆ ಕೊನೆಗೆ ಗೊತ್ತಾಯ್ತು. ಬಾಡಿಗೆ ಮನೆಯಲ್ಲಿದ್ದ ಮಗಳು ಯಾವತ್ತಾದ್ರೂ ವಾಪಸ್ ಬರ್ತಾಳೆ. ಸ್ವಂತ ಮನೆ ಆದ ಮೇಲೆ ಬರಲ್ಲ. ಅವರು ಕೇಳಿದ ಲೆಕ್ಕ ಅದು, ಅದಕ್ಕೆ ನನ್ನ ಹತ್ರ ಫಾರ್ಮುಲಾ ಇಲ್ಲ.

ನಿನ್ನೆ ರಾತ್ರಿ ಪುಟ್ಟಿಯ ವಿಡಿಯೋ ಅವರಿಗೆ ಕಳಿಸಿದೆ. ಬ್ಲೂ ಟಿಕ್ ಬಂತು, ರಿಪ್ಲೈ ಇಲ್ಲ. ಇವತ್ತು ಬೆಳಿಗ್ಗೆ ಗ್ರೂಪಲ್ಲಿ ಅಕ್ಕನಿಗೆ ಒಂದೇ ಒಂದು ಮೆಸೇಜು:

"ಆ ಮನೆ ಮೆಟ್ಟಿಲು ತುಂಬ ಕಡಿದಾಗಿದೆಯಲ್ಲೇ. ನನ್ನ ಮಂಡಿಗೆ ಆಗಲ್ಲ. ಕೆಳಗೆ ಒಂದು ಮಂಚ ಹಾಕೋಕೆ ಜಾಗ ಇದ್ಯಾ?"

ಈಗ ನೀವು ಹೇಳಿ. ನಿಮ್ಮ ಬೀದೀಲಿ ಎಂಟು ವರ್ಷದ ಮಗು ಒಂಟಿಯಾಗಿ ಹಾಲು ತರಬಹುದಾ? ಹೌದು ಅಥವಾ ಇಲ್ಲ, ಜೊತೆಗೆ ಊರಿನ ಹೆಸರು ಬರೆಯಿರಿ. ಎಲ್ಲ ಒಟ್ಟು ಮಾಡಿ ಸ್ಟೋರಿಯಲ್ಲಿ ಹಾಕ್ತೀನಿ.

#ಬಿಕಾಂಹರಟೆ #ನಮ್ಮಬೀದಿ #ಮನೆಲೆಕ್ಕ #ಹೌಟನ್ #ಕನ್ನಡದಲ್ಲೇಬರೀತೀನಿ