ರಾಜನನ್ನು ಹೊಗಳದ ಕಾದಂಬರಿ

ಸಂಜೆಯ ಹೊತ್ತು ಗವಿಪುರದ ಮನೆಯಿಂದ ಹೊರಟು, ಮುಚ್ಚುಕೋಟು, ಪೇಟ, ಕೈಯಲ್ಲೊಂದು ಕೊಡೆಯೊಡನೆ ಬಸವನಗುಡಿಯ ಕ್ಲಬ್ಬಿಗೆ ನಡೆದುಹೋಗುತ್ತಿದ್ದ ಮಾಸ್ತಿ ವೆಂಕಟೇಶ ಅಯ್ಯಂಗಾರರ ಚಿತ್ರ ಈ ಊರಿನ ಹಳಬರ ಮನಸ್ಸಿನಿಂದ ಇನ್ನೂ ಮಾಸಿಲ್ಲ. ಅವರು ಕಾಲವಾದದ್ದು 1986ರಲ್ಲಿ, ತಾವು ಹುಟ್ಟಿದ ಜೂನ್ 6ರಂದೇ. ಅಂದಿನಿಂದ ನಾವು ಸಲ್ಲಿಸುತ್ತ ಬಂದಿರುವ ಗೌರವಕ್ಕೇನೂ ಕೊರತೆಯಿಲ್ಲ. ‘ಮಾಸ್ತಿ ಕನ್ನಡದ ಆಸ್ತಿ’ ಎನ್ನುತ್ತೇವೆ; ಪಟಕ್ಕೆ ಹಾರ ಹಾಕುತ್ತೇವೆ; ಸಣ್ಣಕಥೆಯ ಜನಕರೆಂದು ನಾಲ್ಕು ಮಾತನಾಡಿ ಮನೆಗೆ ಮರಳುತ್ತೇವೆ. ಆಸ್ತಿ ಎಂದಮೇಲೆ ಬೀಗ ಹಾಕಿ ಇಟ್ಟರೆ ಸಾಕು, ಅನುಭವಿಸಬೇಕಾಗಿಲ್ಲ ಎಂದು ನಾವು ತಿಳಿದಂತಿದೆ.

ಹಾಗೆ ಬೀಗ ಬಿದ್ದ ಭಾಗವೆಂದರೆ ಅವರ ಚಾರಿತ್ರಿಕ ಕಾದಂಬರಿಗಳು. ಕೊಡಗಿನ ಕೊನೆಯ ಅರಸನನ್ನು ಕುರಿತ ‘ಚಿಕವೀರ ರಾಜೇಂದ್ರ’ಕ್ಕೆ 1983ರ ಜ್ಞಾನಪೀಠ ಪ್ರಶಸ್ತಿ ಬಂತು. ಪ್ರಶಸ್ತಿಯ ಸುದ್ದಿ ಬಲ್ಲವರು ಬಹುಮಂದಿ. ಪುಸ್ತಕವನ್ನು ಕೊನೆಮುಟ್ಟ ಓದಿದವರು ಎಷ್ಟು ಮಂದಿಯೋ! ಓದಿದವರಲ್ಲಿಯೂ ಕೆಲವರು ಎರಡು ಆಕ್ಷೇಪಣೆ ಎತ್ತುವುದುಂಟು. ಒಂದು: ಕನ್ನಡ ನೆಲದ ಅರಸನೊಬ್ಬನನ್ನು ಕ್ರೂರಿ, ವಿಷಯಲಂಪಟ ಎಂದು ಚಿತ್ರಿಸಿದ್ದು ನಾಡಿಗೆ ಬಗೆದ ಅಪಚಾರ. ಎರಡು: ಕೊಡಗನ್ನು ನುಂಗಲು ಕಂಪನಿಯವರು ಹೂಡಿದ ನೆವವನ್ನೇ ಮಾಸ್ತಿಯವರು ಕಥೆ ಮಾಡಿದರು, ಸರ್ಕಾರಿ ಅಧಿಕಾರಿಯಾಗಿದ್ದವರಿಂದ ಇನ್ನೇನು ನಿರೀಕ್ಷಿಸಬಹುದು?

ಮೊದಲನೆಯ ಆಕ್ಷೇಪಣೆಗೆ ಒಂದು ಹಿನ್ನೆಲೆಯಿದೆ. ಕನ್ನಡಿಗರು ಹರಿದು ಹಂಚಿಹೋಗಿದ್ದ ಕಾಲದಲ್ಲಿ ಗಳಗನಾಥರು ವಿಜಯನಗರದ ಕಥೆ ಹೇಳಿದರು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. ಮಲಗಿದವರನ್ನು ಎಬ್ಬಿಸಲು ಆಗ ಆ ಕಹಳೆ ಬೇಕಾಗಿತ್ತು. ಆದರೆ ಎದ್ದು ಕುಳಿತವನ ಕಿವಿಯಲ್ಲಿಯೂ ಕಹಳೆಯನ್ನೇ ಊದುತ್ತಿದ್ದರೆ ಅವನು ಯೋಚಿಸುವುದು ಯಾವಾಗ? ‘ಚಿಕವೀರ ರಾಜೇಂದ್ರ’ ಹೊರಬಂದದ್ದು 1956ರಲ್ಲಿ. ಅದೇ ವರ್ಷದ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಕೊಡಗೂ ಮೈಸೂರು ರಾಜ್ಯಕ್ಕೆ ಸೇರಿತು. ನಾಡು ಕೈಗೆ ಬಂದ ವರ್ಷದಲ್ಲಿ, ನಾಡು ಕೈಬಿಟ್ಟುಹೋಗುವುದು ಹೇಗೆ ಎಂಬ ಕಥೆಯನ್ನು ಒಬ್ಬ ಹಿರಿಯರು ಮುಂದಿಟ್ಟರು. ಮದುವೆಮನೆಯಲ್ಲಿ ಇಂಥ ಮಾತೇಕೆ ಎನ್ನುವವರು ಎನ್ನಲಿ. ಮನೆ ಕಟ್ಟುವವನಿಗೆ ಹಳೆಯ ಗೋಡೆ ಎಲ್ಲಿ ಬಿರುಕುಬಿಟ್ಟಿತೆಂದು ತೋರಿಸಿದವನು ಹಿತಶತ್ರುವಲ್ಲ.

ಇದು ಅವರಿಗೆ ಆಕಸ್ಮಿಕವಾಗಿ ಹೊಳೆದ ವಸ್ತುವೂ ಅಲ್ಲ. ಅದಕ್ಕೆ ಮೊದಲು ಬರೆದ ‘ಚನ್ನಬಸವನಾಯಕ’ದಲ್ಲಿಯೂ 1763ರಲ್ಲಿ ಹೈದರನ ಪಾಲಾದ ಬಿದನೂರಿನ ಕಥೆಯಿದೆ. ವಿಜಯಸ್ತಂಭಗಳಿಗೆ ಬರವಿಲ್ಲದ ನಾಡಿನಲ್ಲಿ ಅವರು ಬೇಕೆಂದೇ ಎರಡು ಪತನಗಳನ್ನು ಆರಿಸಿಕೊಂಡರು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ಗೆದ್ದವನು ಬರೆದಿಟ್ಟ ಕಡತದಲ್ಲಿ ಸೋತವನು ದುಷ್ಟನಾಗಿಯೇ ಇರುತ್ತಾನೆ. ಆ ಕಡತವನ್ನು ಅನುಮಾನದಿಂದ ನೋಡಬೇಕೆಂಬುದನ್ನು ನಾನೂ ಒಪ್ಪುತ್ತೇನೆ. 1834ರಲ್ಲಿ ಪದಚ್ಯುತನಾದ ಚಿಕವೀರ ರಾಜ ಕಾಶಿಗೆ ಹೋಗಿ, 1852ರಲ್ಲಿ ಲಂಡನ್ನಿಗೆ ನಡೆದು, ತನ್ನ ಹಣಕ್ಕಾಗಿ ಕಂಪನಿಯ ಮೇಲೆ ದಾವೆ ಹೂಡಿ, 1859ರಲ್ಲಿ ಅಲ್ಲಿಯೇ ತೀರಿಕೊಂಡ. ಅವನ ಮಗಳು ಗೌರಮ್ಮ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ರಾಜ್ಯ ಕಸಿದುಕೊಂಡವರು ಮಗಳಿಗೆ ತೋರಿದ ವಾತ್ಸಲ್ಯ ಇದು! ಈ ಕಥೆ ಓದಿ ಯಾರ ಕರುಳು ತಾನೇ ಕಿವುಚುವುದಿಲ್ಲ? ಆದರೆ ಕಂಪನಿಗೆ ದುರಾಸೆಯಿತ್ತು ಎಂದಮಾತ್ರಕ್ಕೆ ಅರಸ ನಿರ್ದೋಷಿಯಾಗುವುದಿಲ್ಲ. ಕಳ್ಳ ನುಗ್ಗಿದ್ದು ತಪ್ಪು, ನಿಜ. ಬಾಗಿಲು ತೆರೆದಿತ್ತೇಕೆ ಎಂದು ಮನೆಯವರು ಕೇಳಿಕೊಳ್ಳಬಾರದೇ?

ಈ ಪ್ರಶ್ನೆಯೇ ಕಾದಂಬರಿಯ ಜೀವ. ಅದರ ನಡುವೆ ಇರುವವನು ಅರಸನೊಬ್ಬನೇ ಅಲ್ಲ. ಅವನ ಸುತ್ತ ಇರುವ ಉಪ್ಪುಂಡ ಜನ. ಸಹಿಸುತ್ತ ತಿದ್ದಲು ನೋಡುವ ರಾಣಿ, ನಿಷ್ಠೆ ಬಿಡಲಾರದೆ ಅನ್ಯಾಯವನ್ನೂ ಒಪ್ಪಲಾರದೆ ತೊಳಲುವ ಮಂತ್ರಿ ಲಕ್ಷ್ಮೀನಾರಾಯಣಯ್ಯ, ತಾಳ್ಮೆ ಹರಿದ ಬೋಪಣ್ಣ, ಅರಸನ ಚಪಲಕ್ಕೆ ನೆರವಾಗುವ ಬಸವ. ಆಳುವವನು ದಾರಿ ತಪ್ಪಿದಾಗ ಸೇವೆಯಲ್ಲಿರುವವನ ಧರ್ಮವೇನು? ತಿದ್ದುವುದೇ, ತೊರೆಯುವುದೇ, ಹೊರಗಿನವರನ್ನು ಕರೆಯುವುದೇ? ಇದನ್ನು ಕೇಳಲು ಸರ್ಕಾರಿ ಅಧಿಕಾರಿಯಾಗಿದ್ದವರಿಗಿಂತ ಅರ್ಹರು ಯಾರು? ಮಾಸ್ತಿಯವರು 1914ರಲ್ಲಿ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸಿಗೆ ಸೇರಿ, ಅರಸರ ಆಡಳಿತವನ್ನು ಒಳಗಿನಿಂದ ಕಂಡವರು. ತಮಗಿಂತ ಕಿರಿಯರೊಬ್ಬರನ್ನು ಮುಂದಿಟ್ಟು ತಮಗೆ ಸಲ್ಲಬೇಕಾದ ಮಂತ್ರಿಪದವಿಯನ್ನು ತಪ್ಪಿಸಿದಾಗ, 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅದನ್ನು ಮಹಾತ್ಯಾಗವೆಂದು ಬಣ್ಣಿಸಬೇಕಾಗಿಲ್ಲ. ಅದು ಸ್ವಂತ ಮಾನದ ಪ್ರಶ್ನೆ. ಆದರೆ ಉಪ್ಪಿನ ಋಣಕ್ಕೂ ಒಂದು ಎಲ್ಲೆಯಿದೆ ಎಂಬುದು ಅವರಿಗೆ ಪುಸ್ತಕದಿಂದ ಬಂದ ತಿಳಿವಳಿಕೆಯಲ್ಲ.

ಈಗ ನಮ್ಮನ್ನು ನೋಡೋಣ. ಪ್ರತಿ ಜಾತಿಗೂ ಒಬ್ಬ ಅರಸ, ಪ್ರತಿ ಅರಸನಿಗೂ ಒಂದು ಪ್ರತಿಮೆ, ಪ್ರತಿಮೆಗೆ ಒಂದು ಜಯಂತಿ. ಕಾದಂಬರಿಕಾರ ಅವನ ಒಂದು ತಪ್ಪು ಹೇಳಿದರೆ ಭಾವನೆಗೆ ಪೆಟ್ಟು! ಹೀಗೆ ನಡೆದರೆ ಚಾರಿತ್ರಿಕ ಕಾದಂಬರಿ ಎಂಬುದು ವಂದಿಮಾಗಧರ ಕಸುಬಾಗಿ ಉಳಿದೀತು. ಮಾಸ್ತಿಯವರ ಚಿತ್ರ ತಪ್ಪೆನ್ನುವವರಿಗೆ ದಾರಿಯೇನೂ ಮುಚ್ಚಿಲ್ಲ: ಕಡತಗಳನ್ನು ಬಿಚ್ಚಲಿ, ಕೊಡಗಿನ ಮನೆಮನೆಯ ನೆನಪು ಕೇಳಲಿ, ಇನ್ನೊಂದು ಕಾದಂಬರಿ ಬರೆಯಲಿ. ಕಾದಂಬರಿಗೆ ಕಾದಂಬರಿಯೇ ಉತ್ತರ; ಮುನಿಸು ಉತ್ತರವಲ್ಲ.

ಮುಂದಿನ ಜೂನ್ 6ಕ್ಕೆ ಹಾರದ ಹಣ ಉಳಿಸಿ, ಯಾವುದಾದರೂ ವಾಚನಾಲಯದಿಂದ ಆ ಪುಸ್ತಕವನ್ನು ತಂದು ಓದಿರಿ. ಅರಸನನ್ನು ಬಯ್ಯುವುದು ಸುಲಭ, ಹೊಗಳುವುದೂ ಸುಲಭ. ಅವನ ದರ್ಬಾರಿನಲ್ಲಿ ಬಾಯಿಮುಚ್ಚಿಕೊಂಡು ನಿಂತವರ ಸಾಲಿನಲ್ಲಿ ನಮ್ಮ ಮುಖವೂ ಕಂಡೀತು. ಆ ಪುಸ್ತಕವನ್ನು ನಾವು ಅಟ್ಟದ ಮೇಲೆ ಇಟ್ಟಿರುವುದು ಆ ಭಯಕ್ಕೇ ಇರಬೇಕು.