ಬೀರು ಅಳೆದರೆ ಸಾಲದು, ಗಲ್ಲಿಯನ್ನೂ ಅಳೆಯಿರಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಬಾಡಿಗೆ ಮನೆಯ ಪಾಡು ಅವರಿಗೆ ಗೊತ್ತಿದ್ದಿದ್ದರೆ ‘ಮನೆ ಬದಲಿಸಿ ನೋಡು’ ಎಂದೂ ಸೇರಿಸುತ್ತಿದ್ದರೋ ಏನೋ. ಪರೀಕ್ಷೆ ಮುಗಿದು ಶಾಲೆ-ಕಾಲೇಜು ಮತ್ತೆ ತೆರೆಯುವವರೆಗಿನ ಎರಡು ತಿಂಗಳಲ್ಲಿ ಬೆಂಗಳೂರಿನ ಯಾವ ಬಡಾವಣೆಯಲ್ಲಿ ನಿಂತರೂ ಕಾಲು ಮೇಲೆ ಮಾಡಿದ ಮಂಚವನ್ನು ಹೊತ್ತ ಟೆಂಪೊ ಒಂದಾದರೂ ಕಣ್ಣಿಗೆ ಬೀಳುತ್ತದೆ. ಮಕ್ಕಳ ಓದಿಗೆ ತೊಂದರೆಯಾಗಬಾರದೆಂದು ಎಲ್ಲರೂ ಕಾದು ಕುಳಿತು ಒಂದೇ ಸಲ ಹೊರಡುವುದರಿಂದ ಆ ದಿನಗಳಲ್ಲಿ ವಾಹನದ ಬಾಡಿಗೆಯೂ ಏರುತ್ತದೆ. ಇದರ ಮೇಲೆ ಪಂಚಾಂಗದ ಕಾಟ ಬೇರೆ. ಆಷಾಢ ಬರುವ ಮುಂಚೆ ಹಾಲು ಉಕ್ಕಿಸಿಬಿಡಬೇಕೆಂಬ ಅವಸರದಲ್ಲಿ ಒಂದೇ ಒಳ್ಳೆಯ ದಿನಕ್ಕೆ ಊರಿನ ಅರ್ಧ ಜನ ಲಾರಿ ಹುಡುಕುತ್ತಾರೆ.

ಲಾರಿ ಹುಡುಕುವವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಸಾಮಾನಿನ ಬಗ್ಗೆ: ಎರಡು ಬೀರು, ಒಂದು ಸೋಫಾ, ಒಂದು ಫ್ರಿಜ್, ಇದಕ್ಕೆ ಎಷ್ಟು ದೊಡ್ಡ ಗಾಡಿ ಬೇಕು? ಪ್ರಶ್ನೆ ಸರಿಯಾಗಿದೆ, ಆದರೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ಮನೆಯ ಬಾಗಿಲಿಗೆ ಎಷ್ಟು ದೊಡ್ಡ ಗಾಡಿ ಬರಬಲ್ಲದು ಎಂಬುದು. ಇದನ್ನು ತಿಳಿಯಲು ಕಮರ್ಷಿಯಲ್ ಸ್ಟ್ರೀಟಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಕಮರ್ಷಿಯಲ್ ಸ್ಟ್ರೀಟ್ ಎಂದರೆ ಹೊರಗಿನವರಿಗೆ ಬಟ್ಟೆ, ಒಡವೆ, ಚಪ್ಪಲಿಯ ಅಂಗಡಿಗಳ ಸಾಲು. ಅದರ ಅಕ್ಕಪಕ್ಕದ ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ನಾರಾಯಣ ಪಿಳ್ಳೈ ಸ್ಟ್ರೀಟ್, ಅವುಗಳಿಂದ ಒಳಕ್ಕೆ ಕವಲೊಡೆಯುವ ಗಲ್ಲಿಗಳಲ್ಲಿ ಸಂಸಾರಗಳೂ ಇವೆ ಎಂಬುದು ಕೊಳ್ಳಲು ಬಂದವರಿಗೆ ಹೊಳೆಯುವುದಿಲ್ಲ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಒಬ್ಬರು ಹತ್ತುವಾಗ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು. ಇವು ಗಾಡಿ-ಜಟಕಾಗಳ ಕಾಲದ ಬೀದಿಗಳು. ಮನೆ ಬದಲಿಸುವುದೂ ಈ ಭಾಗಕ್ಕೆ ಹೊಸದಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ದಂಡಿನ ಇಕ್ಕಟ್ಟಿನ ಕೇರಿಗಳಿಂದ ಜನ ಹೊರಬಿದ್ದರು. ಆ ಒತ್ತಡವನ್ನು ಕಡಿಮೆ ಮಾಡಲೆಂದೇ ಆಮೇಲೆ ಫ್ರೇಜರ್ ಟೌನಿನಂಥ ಬಡಾವಣೆ ಹುಟ್ಟಿತು. ಅಂದಿನ ಎತ್ತಿನ ಗಾಡಿ ಹೋಗಿ ಲಾರಿ ಬಂದರೂ ಗಲ್ಲಿಯ ಅಗಲ ಮಾತ್ರ ಬೆಳೆದಿಲ್ಲ.

ಈ ಗಲ್ಲಿಗಳಲ್ಲಿ ಒಂದರ ಎರಡನೆಯ ಮಹಡಿಯಲ್ಲಿ ನಾಲ್ಕು ಜನರ ಸಂಸಾರವೊಂದು ಇದೆ ಎಂದಿಟ್ಟುಕೊಳ್ಳಿ. ಮಗಳು ದ್ವಿತೀಯ ಪಿಯುಸಿಗೆ ಕಾಲಿಡುತ್ತಿದ್ದಾಳೆ, ಮಗ ಎಂಟನೆಯ ತರಗತಿ. 2023ರ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದವರೆಗಿನ ಮೆಟ್ರೊ ತೆರೆದ ಮೇಲೆ ಎಂ.ಜಿ. ರಸ್ತೆಯಿಂದ ಅಲ್ಲಿಗೆ ಒಂದೇ ರೈಲು. ಆದ್ದರಿಂದ ಕೆ.ಆರ್. ಪುರದಲ್ಲಿ ಗಾಳಿ-ಬೆಳಕಿನ ಮನೆ ನೋಡಿದ್ದಾರೆ. ದೂರ ಸುಮಾರು 12 ಕಿಲೋಮೀಟರ್.

ಮಗನ ಕೈಗೆ ಟೇಪು ಕೊಡಲು ಇದೇ ಸಮಯ. ಎಂಟನೆಯ ತರಗತಿಯ ಘನಫಲದ ಲೆಕ್ಕ ಪರೀಕ್ಷೆಯ ಹೊರಗೆ ಇಷ್ಟು ಉಪಯೋಗಕ್ಕೆ ಬರುವ ಸಂದರ್ಭ ಇನ್ನೊಂದಿಲ್ಲ. ಉಕ್ಕಿನ ಬೀರು ಆರೂವರೆ ಅಡಿ ಎತ್ತರ, ಮೂರಡಿ ಅಗಲ, ಒಂದೂವರೆ ಅಡಿ ಆಳ. ಸುಮಾರು 29 ಘನ ಅಡಿ. ಎರಡು ಬೀರಿಗೆ 58. ಸೋಫಾ 45, ಫ್ರಿಜ್ 16, ಬಟ್ಟೆ ಒಗೆಯುವ ಯಂತ್ರ 12, ಬಿಚ್ಚಿದ ಮಂಚ 15, ಹಾಸಿಗೆ 16, ಮೇಜು-ಕುರ್ಚಿ 20. ಒಂದೂವರೆ ಅಡಿ ಚೌಕದ ರಟ್ಟಿನ ಪೆಟ್ಟಿಗೆ ಇಪ್ಪತ್ತಿದ್ದರೆ 68. ಗ್ರೈಂಡರು, ಬಕೆಟ್ಟು, ತುಳಸಿ ಕುಂಡ, ಗಂಟು-ಮೂಟೆಗೆ 30. ಒಟ್ಟು 280 ಘನ ಅಡಿ. ಸಾಮಾನು ಇಟ್ಟಿಗೆಯಂತೆ ಕೂರುವುದಿಲ್ಲ, ನಡುವೆ ಸಂದು ಉಳಿಯುತ್ತದೆ. ಅದಕ್ಕಾಗಿ ಕಾಲು ಭಾಗ ಸೇರಿಸಿದರೆ 350.

ಈಗ ಗಾಡಿಗಳ ಕಡೆ ಬರೋಣ. ಮೂರು ಚಕ್ರದ ಗೂಡ್ಸ್ ಆಟೊ ಒಬ್ಬ ವಿದ್ಯಾರ್ಥಿಯ ಕೋಣೆ ಖಾಲಿ ಮಾಡಲು ಸಾಕು, ಸಂಸಾರಕ್ಕೆ ಆಗದು. 2005ರಲ್ಲಿ ಬಂದ ಟಾಟಾ ಏಸ್, ಜನರ ಬಾಯಲ್ಲಿ ‘ಛೋಟಾ ಹಾಥಿ’, ಸುಮಾರು ಏಳಡಿ ಉದ್ದ, ಐದಡಿ ಅಗಲದ ತೊಟ್ಟಿಯ ಗಾಡಿ. ಐದಡಿ ಎತ್ತರಕ್ಕೆ ಪೇರಿಸಿ ಹಗ್ಗ ಬಿಗಿದರೆ 175 ಘನ ಅಡಿ, ತೂಕದಲ್ಲಿ ಮುಕ್ಕಾಲು ಟನ್ನು. 1986ರಿಂದ ರಸ್ತೆಯ ಮೇಲಿರುವ ಟಾಟಾ 407ರಲ್ಲಿ ಸುಮಾರು ಹತ್ತಡಿ ಉದ್ದ, ಆರಡಿ ಅಗಲ. ಆರಡಿ ಎತ್ತರಕ್ಕೆ 360. ಇವೆರಡರ ನಡುವೆ ಪಿಕಪ್ ಗಾಡಿಗಳಿವೆ. ಹದಿನಾಲ್ಕು, ಹದಿನೇಳು ಅಡಿಯ ಲಾರಿಗಳು ಊರು ಬಿಟ್ಟು ಊರಿಗೆ ಹೋಗುವವರಿಗೆ.

ಲೆಕ್ಕದ ಪ್ರಕಾರ 407 ಒಂದು ಸಲ ಬಂದರೂ ಒಂದೇ, ಏಸ್ ಎರಡು ಸಲ ಬಂದರೂ ಒಂದೇ. ಕಾಗದದ ಮೇಲೆ 407 ಜಾಣತನ. ಆದರೆ ಅದಕ್ಕೆ ಪಕ್ಕದ ಕನ್ನಡಿಗಳೂ ಸೇರಿ ಏಳಡಿಯಷ್ಟು ಜಾಗ ಬೇಕು. ಗಲ್ಲಿಯ ಅಗಲ ಒಂಬತ್ತಡಿ ಇದ್ದರೂ ಒಂದು ಬದಿಯಲ್ಲಿ ಸ್ಕೂಟರುಗಳು ನಿಂತರೆ ಉಳಿಯುವುದು ಆರೂವರೆ. ಲಾರಿ ದೊಡ್ಡ ರಸ್ತೆಯಲ್ಲೇ ನಿಲ್ಲುತ್ತದೆ. ನೂರೈವತ್ತು ಮೀಟರ್ ದೂರಕ್ಕೆ ಬೀರನ್ನು ಹೆಗಲ ಮೇಲೆ ಒಯ್ಯಬೇಕು. ಹಮಾಲರು ಹೆಚ್ಚು ಕೇಳುತ್ತಾರೆ, ಕೇಳುವುದು ನ್ಯಾಯವೂ ಹೌದು. ಅಷ್ಟರಲ್ಲಿ ಸಂಚಾರ ಪೊಲೀಸರು ಬಂದು ಲಾರಿ ತೆಗೆಯಿರಿ ಎನ್ನುತ್ತಾರೆ. ಐದಡಿ ಅಗಲದ ಏಸ್ ಹಿಮ್ಮುಖವಾಗಿ ಬಾಗಿಲಿಗೇ ಬಂದು ನಿಲ್ಲುತ್ತದೆ. ಎರಡು ಸಲ ಓಡಿಸಿದ ಡೀಸೆಲ್ ಖರ್ಚಿಗಿಂತ ಉಳಿಯುವ ಕೂಲಿಯೇ ಹೆಚ್ಚಾಗಬಹುದು. ಗಲ್ಲಿ ಅಗಲವಾಗಿದ್ದರೆ ಲೆಕ್ಕ ತಿರುಗುಮುರುಗಾಗಿ 407 ಗೆಲ್ಲುತ್ತದೆ. ಅಂತೂ ಟೇಪನ್ನು ಬೀರಿನ ಪಕ್ಕದಿಂದ ಎತ್ತಿ ಬೀದಿಗೆ ತರಬೇಕು: ಗಲ್ಲಿಯ ತೀರ ಇಕ್ಕಟ್ಟಾದ ಜಾಗ, ಮೆಟ್ಟಿಲ ತಿರುವು, ತಲೆಯ ಮೇಲೆ ತೂಗುವ ವಿದ್ಯುತ್ ಮತ್ತು ಕೇಬಲ್ ತಂತಿ. ಹೊಸ ಮನೆಯ ಕಡೆಯೂ ಅಷ್ಟೇ.

ಅಳತೆಯಷ್ಟೇ ಮುಖ್ಯವಾದದ್ದು ಗಳಿಗೆ. ಪಂಚಾಂಗದ ಗಳಿಗೆಯಲ್ಲ, ಬೀದಿಯ ಗಳಿಗೆ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳ ಬಾಗಿಲು ಮೇಲೇಳುವ ಮುಂಚೆ, ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ, ಆ ಬೀದಿ ಬೇರೆಯೇ ಬೀದಿ. ಮೊದಲ ಗಾಡಿ ಆರೂವರೆಗೆ ಹೊರಟರೆ ಹಲಸೂರು ದಾಟಿ ಹಳೆ ಮದ್ರಾಸ್ ರಸ್ತೆ ಹಿಡಿದು, ಟಿನ್ ಫ್ಯಾಕ್ಟರಿ ಬಳಿ ವಾಹನಗಳು ಗಂಟು ಬೀಳುವ ಮುನ್ನ ಕೆ.ಆರ್. ಪುರ ಸೇರಬಹುದು. ಅದೇ ಗಾಡಿ ಹತ್ತು ಗಂಟೆಗೆ ಹೊರಟರೆ ಎರಡನೆಯ ಸರದಿ ಸಂಜೆಗೆ ಬೀಳುತ್ತದೆ. ರಜೆಯೆಂದು ಭಾನುವಾರ ಆರಿಸಿಕೊಳ್ಳುವುದು ಬೇರೆ ಬಡಾವಣೆಗೆ ಸರಿ, ಇಲ್ಲಿಗಲ್ಲ. ಜನ ಮುಗಿಬೀಳುವ ದಿನವೇ ಅದು. ರಂಜಾನ್ ತಿಂಗಳ ಸಂಜೆಗಳು, ಸೇಂಟ್ ಮೇರಿ ಬೆಸಿಲಿಕಾದ ಸೆಪ್ಟೆಂಬರ್ 8ರ ಹಬ್ಬ, ಇವೆರಡನ್ನೂ ಶಿವಾಜಿನಗರದವರು ಮರೆಯುವುದಿಲ್ಲ. ಹೊರಗಿನಿಂದ ಗಾಡಿ ತರುವವರು ಮರೆಯಬಾರದು. ಕಾಮಗಾರಿಯ ಮಾತೂ ಇದೆ. ಮೆಟ್ರೊ ಸುರಂಗಕ್ಕಾಗಿ ಕಾಮರಾಜ ರಸ್ತೆಯ ಒಂದು ಭಾಗವನ್ನು 2019ರಲ್ಲಿ ಮುಚ್ಚಿದಾಗ ಸುತ್ತಮುತ್ತಲ ಬೀದಿಗಳು ವರ್ಷಗಟ್ಟಲೆ ಅದರ ಭಾರ ಹೊತ್ತವು. ಭಾರೀ ಲಾರಿಗಳಿಗೆ ಹಗಲಿನಲ್ಲಿ ನಗರದೊಳಗೆ ನಿರ್ಬಂಧವಿರುತ್ತದೆ, ಗಂಟೆಗಳು ಆಗಾಗ ಬದಲಾಗುತ್ತವೆ. ಆದ್ದರಿಂದ ದೊಡ್ಡ ಗಾಡಿ ಗೊತ್ತು ಮಾಡುವ ಮುನ್ನ ಸಂಚಾರ ಪೊಲೀಸರಲ್ಲಿ ವಿಚಾರಿಸುವುದು ಕ್ಷೇಮ.

ಗಾಡಿಯನ್ನು ಗೊತ್ತು ಮಾಡುವ ದಾರಿ ಮೂರು. ನಿಲ್ದಾಣಕ್ಕೆ ಹೋಗಿ ಚಾಲಕನ ಜೊತೆ ಚೌಕಾಸಿ ಮಾಡುವುದು ಹಳೆಯದು. ಫೋನಿನ ಆ್ಯಪಿನಲ್ಲಿ ಕರೆಸುವುದು ಹೊಸದು. ಅಲ್ಲಿ ದರ ಮೊದಲೇ ಕಾಣುತ್ತದೆ, ಆದರೆ ಸಾಮಾನ್ಯವಾಗಿ ಅದು ಓಡಿಸುವ ದರ ಮಾತ್ರ. ಹತ್ತಿಸಿ ಇಳಿಸುವುದಕ್ಕೆ, ಕಾಯಿಸಿದ ಹೊತ್ತಿಗೆ ಬೇರೆ ಹಣ. ಮೂರನೆಯದು ಕಟ್ಟಿ, ಸಾಗಿಸಿ, ಬಿಚ್ಚಿಕೊಡುವ ಪ್ಯಾಕರ್ಸ್ ಸಂಸ್ಥೆಗಳು. ಮನೆಯಲ್ಲಿ ವಯಸ್ಸಾದವರಿದ್ದು ಕೈಗೆ ಜನ ಇಲ್ಲದಿದ್ದರೆ ಅವರಿಗೆ ಕೊಡುವ ಹಣ ದಂಡವಲ್ಲ. ಹನ್ನೆರಡು ಕಿಲೋಮೀಟರ್ ದೂರಕ್ಕೆ, ಮನೆಯಲ್ಲಿ ಎರಡು ಗಟ್ಟಿ ಮಕ್ಕಳಿರುವಾಗ, ಅಗತ್ಯವೂ ಇಲ್ಲ. ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳು ಖಾಲಿ ಮಾಡುವ ರಟ್ಟಿನ ಪೆಟ್ಟಿಗೆಗಳಿಗೆ ಬರವೇ? ಕೇಳುವ ಸಂಕೋಚ ಬಿಟ್ಟರೆ ಸಾಕು. ಒಂದು ಎಚ್ಚರಿಕೆ: ಒಂದೂವರೆ ಅಡಿಯ ಪೆಟ್ಟಿಗೆ ತುಂಬ ಪುಸ್ತಕ ತುಂಬಿದರೆ ಅದು ಐವತ್ತು ಕಿಲೋ ದಾಟುತ್ತದೆ, ತಳ ಕಿತ್ತುಬರುತ್ತದೆ, ಹೊರುವವನ ಸೊಂಟವೂ ಹೋಗುತ್ತದೆ. ಪುಸ್ತಕಕ್ಕೆ ಚಿಕ್ಕ ಪೆಟ್ಟಿಗೆ, ದಿಂಬು-ಹೊದಿಕೆಗೆ ದೊಡ್ಡದು.

ಯಾರನ್ನೇ ಕರೆಯಲಿ, ದರವನ್ನು ಬರಹದಲ್ಲಿ ಪಡೆಯಬೇಕು. ಎಷ್ಟನೆಯ ಮಹಡಿ, ಲಿಫ್ಟ್ ಇದೆಯೇ ಇಲ್ಲವೇ, ಮಂಚ ಬಿಚ್ಚಿ ಕೂಡಿಸುವುದು ಯಾರು, ಹಮಾಲರ ಕೂಲಿ ಸೇರಿದೆಯೇ, ಎಲ್ಲವೂ ಅದರಲ್ಲಿ ಇರಲಿ. ಎಲ್ಲರಿಗಿಂತ ತೀರ ಕಡಿಮೆ ದರ ಹೇಳಿದವರ ಬಗ್ಗೆ ಅನುಮಾನ ಪಡುವುದು ತಪ್ಪಲ್ಲ. ಸಾಮಾನೆಲ್ಲ ಲಾರಿಗೇರಿದ ಮೇಲೆ ಇನ್ನಷ್ಟು ಕೊಟ್ಟರೆ ಮಾತ್ರ ಇಳಿಸುವುದು ಎಂಬ ತಗಾದೆ ಶುರುವಾಗುವುದು ಇಂಥ ಕಡೆಯೇ. ಆಗ ಮಗಳ ಪಠ್ಯಪುಸ್ತಕ ಲಾರಿಯಲ್ಲಿ, ಮಗಳು ಬೀದಿಯಲ್ಲಿ. ಮುಂಗಡ ಸ್ವಲ್ಪವೇ ಕೊಟ್ಟು, ಗಾಡಿಯ ನಂಬರು ಬರೆದುಕೊಂಡು, ಬಾಕಿಯನ್ನು ಕೊನೆಯ ಪೆಟ್ಟಿಗೆ ಇಳಿದ ಮೇಲೆ ಕೊಡುವುದು ವಾಡಿಕೆಯಾಗಬೇಕು.

ಊರಿಂದ ಊರಿಗೆ ಸಾಗಿಸುವವರು ಕಾನೂನನ್ನೂ ಕೊಂಚ ತಿಳಿದಿರಬೇಕು. 1865ರ ಹಳೆಯ ಕಾಯ್ದೆಯ ಜಾಗದಲ್ಲಿ 2007ರ ರಸ್ತೆ ಸಾಗಣೆ ಕಾಯ್ದೆ ಬಂದಿದೆ. ಸಾಮಾನಿನ ಮೌಲ್ಯ ಬರೆದ ಪತ್ರ ಕೊಟ್ಟು, ಸಾಗಣೆದಾರರಿಂದ ರಸೀದಿ ಪಡೆಯಬೇಕು. ಹೆಚ್ಚಿನ ಅಪಾಯದ ದರ ಕೊಟ್ಟಿರದಿದ್ದರೆ, ನಷ್ಟವಾದಾಗ ಅವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಅದೂ ಬರೆದ ಮೌಲ್ಯವನ್ನು ಮೀರುವಂತಿಲ್ಲ. ಬಾಡಿಗೆ 8,000 ರೂಪಾಯಿಯಾದರೆ ಹೆಚ್ಚೆಂದರೆ 80,000. ಸಾಮಾನು ಒಪ್ಪಿಸಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಡದೆ ದಾವೆ ಹೂಡುವಂತಿಲ್ಲ. ‘ವಿಮೆ ಸೇರಿದೆ’ ಎಂಬ ಬಾಯಿಮಾತು ವಿಮೆಯಲ್ಲ. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ ಇರುವ ಕಾಗದ ಕೇಳಬೇಕು. ಮೋಸವಾದರೆ ಗ್ರಾಹಕರ ಸಹಾಯವಾಣಿ 1915. 2019ರ ಕಾಯ್ದೆಯಂತೆ ಗ್ರಾಹಕ ತಾನಿರುವ ಊರಿನಲ್ಲೇ ದೂರು ಹೂಡಬಹುದು. ಸಾಮಾನು ಹೋದ ಊರಿಗೆ ಅಲೆಯಬೇಕಿಲ್ಲ.

ಇದೆಲ್ಲ ಸಂಸಾರವಂದಿಗರ ಮಾತಾಯಿತು. ಹುಬ್ಬಳ್ಳಿಯಿಂದಲೋ ಪುತ್ತೂರಿನಿಂದಲೋ ಬೆಂಗಳೂರಿನ ಹಾಸ್ಟೆಲಿಗೆ ಹೊರಟ ವಿದ್ಯಾರ್ಥಿಗೆ ಗಾಡಿಯೇ ಬೇಡ. ರೈಲಿನ ಸ್ಲೀಪರ್ ದರ್ಜೆಯಲ್ಲಿ 40 ಕಿಲೋವರೆಗೆ, ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ 30 ಕಿಲೋವರೆಗೆ ಸಾಮಾನು ಉಚಿತ. ಅದಕ್ಕೂ ಮೀರಿದರೆ ರಾಜ್ಯದ ಸಾರಿಗೆ ನಿಗಮಗಳು 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಇದೆ. ಟ್ರಂಕನ್ನು ಒಂದು ನಿಲ್ದಾಣದಲ್ಲಿ ಒಪ್ಪಿಸಿ ಇನ್ನೊಂದರಲ್ಲಿ ಬಿಡಿಸಿಕೊಳ್ಳಬಹುದು. ಬಸ್ಸಿನ ಹೊಟ್ಟೆಗೆ ಹಿಡಿಸದ ಸರಕಿಗೆಂದು ಕೆಎಸ್‌ಆರ್‌ಟಿಸಿ 2023ರ ಡಿಸೆಂಬರಿನಲ್ಲಿ ತನ್ನದೇ ಲಾರಿಗಳನ್ನೂ ರಸ್ತೆಗಿಳಿಸಿತು. ಪಠ್ಯಪುಸ್ತಕಗಳಿಗೆ ಅಂಚೆ ಇಲಾಖೆ 2025ರ ಮೇ 1ರಂದು ‘ಜ್ಞಾನ್ ಪೋಸ್ಟ್’ ಆರಂಭಿಸಿತು. ಐದು ಕಿಲೋವರೆಗಿನ ಕಟ್ಟಿಗೆ ಆಗ ಇಟ್ಟ ದರ ತೆರಿಗೆ ಬಿಟ್ಟು ನೂರು ರೂಪಾಯಿ. ಬೈಕನ್ನು ರೈಲಿಗೆ ಹಾಕುವವರು ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆದಿರಬೇಕು. ಬೈಕು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಉಳಿಯುವುದಾದರೆ ಅಲ್ಲಿ ಹೊಸ ನೋಂದಣಿ ಆಗಬೇಕು. ಅದಕ್ಕೆ ಇಲ್ಲಿನ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ಪಡೆದೇ ಹೊರಡುವುದು ಮೇಲು.

ಯಾವ ಗಾಡಿಗೂ ಹತ್ತಿಸಬಾರದ ಒಂದು ಚೀಲವಿದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಶಾಲೆಯ ಟಿ.ಸಿ., ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪ್ರವೇಶಪತ್ರ, ಬ್ಯಾಂಕಿನ ಪುಸ್ತಕ, ಅಜ್ಜಿಯ ಮಾತ್ರೆ. ಇದು ತಾಯಿಯ ಹೆಗಲಲ್ಲೇ ಇರಬೇಕು. ಕೌನ್ಸೆಲಿಂಗಿನ ಹಿಂದಿನ ರಾತ್ರಿ ಇಪ್ಪತ್ತು ಪೆಟ್ಟಿಗೆಗಳಲ್ಲಿ ಅಂಕಪಟ್ಟಿ ಹುಡುಕುವುದು ಯಾವ ಶತ್ರುವಿಗೂ ಬೇಡ. ತುಂಬಿದ ಗ್ಯಾಸ್ ಸಿಲಿಂಡರನ್ನು ಸಾಮಾನಿನ ನಡುವೆ ಮಲಗಿಸುವುದೂ ಸಲ್ಲದು. ಸಂಪರ್ಕದ ವರ್ಗಾವಣೆಯನ್ನು ವಿತರಕರಲ್ಲಿ ಮೊದಲೇ ಮಾಡಿಸಿಕೊಳ್ಳಬೇಕು.

ಕೆ.ಆರ್. ಪುರದ ಹೊಸ ಮನೆ ಅಪಾರ್ಟ್‌ಮೆಂಟಿನದಾಗಿದ್ದರೆ ಅಲ್ಲಿಯ ಸಂಘದವರು ಸಾಮಾನು ಏರಿಸಲು ಇಂತಿಷ್ಟೇ ಗಂಟೆಯೆಂದು ಕಟ್ಟು ಮಾಡಿರಬಹುದು, ಮುಂಗಡ ಅನುಮತಿಯನ್ನೂ ಕೇಳಬಹುದು. ಬೆಳಗಿನ ಜಾವ ಎದ್ದು ಕಮರ್ಷಿಯಲ್ ಸ್ಟ್ರೀಟ್ ಗೆದ್ದು ಬಂದವರು ಹೊಸ ಮನೆಯ ಗೇಟಿನಲ್ಲಿ ಹತ್ತು ಗಂಟೆಯವರೆಗೆ ಕಾಯುವಂತಾಗದಿರಲು ಒಂದು ದಿನ ಮೊದಲೇ ಹೋಗಿ ಮಾತಾಡಿ ಬರಬೇಕು. ಇಳಿಸುವಾಗ ಮೊದಲು ಒಳಗೆ ಬರಬೇಕಾದದ್ದು ಬೀರು, ಆಮೇಲೆ ಮಗಳ ಮೇಜು. ಸೋಫಾ ಹಜಾರದಲ್ಲಿ ಕೂತುಬಿಟ್ಟರೆ ಬೀರಿಗೆ ದಾರಿಯಿಲ್ಲ. ಫ್ರಿಜ್ಜನ್ನು ದಾರಿಯುದ್ದಕ್ಕೂ ನೆಟ್ಟಗೆ ನಿಲ್ಲಿಸಿ ತಂದಿದ್ದರೂ ಕೆಲವು ಗಂಟೆ ಬಿಟ್ಟೇ ಸ್ವಿಚ್ಚು ಹಾಕಬೇಕು. ಹಾಲು ಉಕ್ಕಿಸಲು ಬೇಕಾದ ಪಾತ್ರೆ, ಒಲೆ, ಬೆಂಕಿಪೊಟ್ಟಣ ಯಾವ ಪೆಟ್ಟಿಗೆಯಲ್ಲಿದೆ ಎಂದು ಅದರ ಮೇಲೆ ಹಿಂದಿನ ರಾತ್ರಿಯೇ ದಪ್ಪಕ್ಷರದಲ್ಲಿ ಬರೆದಿಟ್ಟಿರಬೇಕು.